ಕಾಪುವಿನ ಮನೆಗಾಡಿ ಡೀಸೆಲ್ ಕುಡಿಯಲೊಲ್ಲದು

ಕಾಪು
೯ ಜೂನ್ ೨೦೦೮

ವ್ಯವಸ್ಥಾಪಕರು,
ತ್ರಿಕಾಲ ಮೋಟಾರ್ಸ್ ಸರ್ವಿಸ್ ಸೆಂಟರ್, ಕಾರ್ಕಳ

ಮಾನ್ಯರೇ,

ನಿಮ್ಮಲ್ಲಿ ಗಾಜಿನ ಬಾಗಿಲು ಉಂಟು, ಎ.ಸಿ. ಉಂಟು, ಕುಳಿತರೆ ಏಳಲಾಗದ ಸೋಫಾ ಉಂಟು, ಕೇಳುವ ಮೊದಲೇ ಬರುವ ಚಹಾ ಉಂಟು. ಇಷ್ಟೆಲ್ಲ ಇದ್ದ ಮೇಲೆ ಗಾಡಿ ರಿಪೇರಿ ಮಾಡಬಲ್ಲವರು ಒಬ್ಬರಾದರೂ ಇದ್ದಾರೆಂದು ನಂಬಿದ್ದು ನನ್ನ ತಪ್ಪು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದ್ದನ್ನು ಮರುದಿನ ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ ಎಂದಾಗುತ್ತದೆ. ಕಾಗದ ಹಾಗಲ್ಲ. ದಯವಿಟ್ಟು ಇದನ್ನು ಫೈಲಿನಲ್ಲಿಡಿ.

ನಾನು ಯಾರೆಂದು ನಿಮಗೆ ತಿಳಿದಿರಲಿಕ್ಕಿಲ್ಲ. ಮಲ್ಪೆಯಲ್ಲಿ ಮೂವತ್ತನಾಲ್ಕು ವರ್ಷ ದೋಣಿ ಕಟ್ಟುವ ಯಾರ್ಡ್ ನಡೆಸಿದವನು. ಅರವತ್ತೊಂದು ಬೋಟು ನನ್ನ ಕೈಯಿಂದ ನೀರಿಗಿಳಿದಿವೆ, ಒಂದೂ ಮುಳುಗಿಲ್ಲ. ಯಾರ್ಡ್ ಬಿಟ್ಟ ಮೇಲೆ ಒಂದು ಮಿನಿ ಬಸ್ಸಿನ ಚಾಸಿಸ್ ಕೊಂಡು, ಅದರ ಮೇಲೆ ನಾನೇ ಮರದ ಮನೆ ಕಟ್ಟಿದ್ದೇನೆ. ಮಲಗುವ ಹಲಗೆ, ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಎಲ್ಲ ಉಂಟು. ಈ ಊರಿನವರು ಅದನ್ನು ಮನೆಗಾಡಿ ಎನ್ನುತ್ತಾರೆ. ನನ್ನ ಹೆಂಡತಿ ತೆರೆಸಾಳನ್ನು ಅದರಲ್ಲಿ ಕನ್ಯಾಕುಮಾರಿಗೆ ಕರೆದೊಯ್ಯಬೇಕು. ಮದುವೆಯಾದಂದಿನಿಂದ ಅವಳು ನೋಡಿದ ದೂರದ ಊರೆಂದರೆ ಮಂಗಳೂರು, ಅದೂ ಆಸ್ಪತ್ರೆಗೆ.

ಜೂನ್ ಎರಡರಂದು ನಿಮ್ಮಲ್ಲಿ ಮೊದಲ ಸರ್ವಿಸ್ ಆಯಿತು. ಐದರಂದು ಕಾಪುವಿನ ಪಂಪಿನಲ್ಲಿ ಡೀಸೆಲ್ ಹಾಕಿಸಲು ನಿಂತೆ. ಒಂದು ಲೀಟರ್ ಹೋಗುವುದರೊಳಗೆ ನೋಝಲ್ ಟಕ್ಕೆಂದು ನಿಂತಿತು. ಮತ್ತೆ ಒತ್ತಿದರೆ ಮತ್ತೆ ಟಕ್. ಬಲವಂತ ಮಾಡಿದರೆ ಹಾಕಿದ್ದು ವಾಪಸು ನನ್ನ ಅಂಗಿಗೆ. ಮುಚ್ಚಳ ತೆಗೆದಾಗಲೆಲ್ಲ ಹುಸ್ಸೆನ್ನುತ್ತದೆ. ಇಪ್ಪತ್ತು ಲೀಟರಿಗೆ ಮುಕ್ಕಾಲು ಗಂಟೆ. ಹಿಂದೆ ಮೀನಿನ ಲಾರಿಗಳ ಸಾಲು. ಪಂಪಿನವನು, "ಎಂತ ಲೂಯಿಸ್ ಪೊರ್ಬುಗಳೇ, ನಿಮ್ಮ ಮನೆಗೆ ಡೀಸೆಲ್ ಒಗ್ಗುವುದಿಲ್ವಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ.

ನಿಮ್ಮಲ್ಲಿಗೆ ಬರುವ ಮೊದಲು ಈ ತೊಂದರೆ ಇರಲಿಲ್ಲ. ಆದ್ದರಿಂದ ಇದು ನಿಮ್ಮ ಕೊಡುಗೆ. ಯಾರದ್ದೆಂದೂ ಹೇಳಬಲ್ಲೆ. ಗಾಡಿ ತೊಳೆಯುವ ನಿಮ್ಮ ಹನುಮಪ್ಪ ಟ್ಯಾಂಕಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಅಲ್ಲಿ ಇಲ್ಲಿ ಕೈ ಹಾಕುತ್ತಿದ್ದುದನ್ನು ನಾನು ಕಂಡಿದ್ದೇನೆ. ಆಮೇಲೆ ನನ್ನಲ್ಲಿಗೆ ಬಂದು ಒಂದು ಪ್ರಶ್ನೆಯನ್ನೂ ಕೇಳಿದ. ಅದು ಕಾಗದದಲ್ಲಿ ಬರೆಯುವಷ್ಟು ಯೋಗ್ಯವಲ್ಲ.

ಲೂಯಿಸ್ ಮಥಾಯಸ್


ಕಾರ್ಕಳ
೧೪ ಜೂನ್ ೨೦೦೮

ಮಾನ್ಯ ಲೂಯಿಸ್ ಮಥಾಯಸ್ ಅವರಿಗೆ,

ತಮ್ಮ ಪತ್ರ ತಲುಪಿತು. ನಮ್ಮ ಸೋಫಾ ಮತ್ತು ಚಹಾ ತಮಗೆ ನೆನಪಿನಲ್ಲಿ ಉಳಿದಿರುವುದಕ್ಕೆ ಸಂತೋಷ.

ಕಂಪನಿ ತಮಗೆ ಕೊಟ್ಟದ್ದು ಚಾಸಿಸ್. ಅದರ ಮೇಲೆ ತಾವು ಕಟ್ಟಿದ್ದನ್ನು ಏನೆಂದು ಕರೆಯಬೇಕೆಂಬುದಕ್ಕೆ ನಮ್ಮ ಜಾಬ್ ಕಾರ್ಡಿನಲ್ಲಿ ಜಾಗವಿಲ್ಲದ ಕಾರಣ "ಇತರೆ" ಎಂದು ಬರೆದುಕೊಂಡಿದ್ದೇವೆ. ಮರದ ಗೋಡೆಯ ಹೊರಗೆ ಬರಬೇಕೆಂದು ತಾವು ಡೀಸೆಲ್ ಹಾಕುವ ಪೈಪನ್ನು ಒಂದು ಮೊಳ ಉದ್ದ ಮಾಡಿ ಎರಡು ಕಡೆ ಬಗ್ಗಿಸಿದ್ದೀರಿ. ತೊಂದರೆ ಅಲ್ಲಿಯೇ ಇರಬೇಕೆಂದು ನಮ್ಮ ಹಿರಿಯ ಮೆಕ್ಯಾನಿಕ್‌ರ ಅಭಿಪ್ರಾಯ. ಗಾಡಿ ತಂದರೆ ಅಗಲವಾದ ಪೈಪ್ ಹಾಕಿಕೊಡುತ್ತೇವೆ.

ಹನುಮಪ್ಪನ ಕೆಲಸ ತೊಳೆಯುವುದು ಮಾತ್ರ. ಕರೆದು ವಿಚಾರಿಸಿದೆ. ತಾನು ಏನೂ ಬಿಚ್ಚಿಲ್ಲ ಎಂದ. ಬೇರೆ ಏನನ್ನೋ ಹೇಳಲು ಹೊರಟಿದ್ದ. ವಾಷಿಂಗ್‌ನವರ ಅಭಿಪ್ರಾಯ ತಮಗೂ ಬೇಡ, ನಮಗೂ ಬೇಡವೆಂದು ಕಳಿಸಿದೆ.

ತಮ್ಮ ವಿಶ್ವಾಸಿ,
ಶೈಲಶ್ರೀ ಬಿ.
ಸರ್ವಿಸ್ ಮ್ಯಾನೇಜರ್


ಕಾಪು
೧ ಜುಲೈ ೨೦೦೮

ಶೈಲಶ್ರೀ ಮೇಡಂ,

ಮ್ಯಾನೇಜರ್ ಹೆಂಗಸೆಂದು ನಿಮ್ಮ ಪತ್ರದಿಂದ ತಿಳಿಯಿತು. ಗಾಡಿಯ ಮಟ್ಟಿಗೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಜೂನ್ ಹದಿನೆಂಟರಂದು ಅಗಲದ ಪೈಪ್ ಹಾಕಿದಿರಿ. ಈಗ ಡೀಸೆಲ್ ಅಗಲವಾಗಿ ವಾಪಸು ಬರುತ್ತದೆ. ಇಪ್ಪತ್ತಾರರಂದು ನಿಮ್ಮ ಹಿರಿಯ ಮೆಕ್ಯಾನಿಕ್ ಗಾಡಿಯ ಕೆಳಗೆ ಮಲಗಿ, ಟಾರ್ಚ್ ಬಿಟ್ಟು, ಎರಡು ಸಲ "ಹ್ಞೂಂ" ಎಂದು, ಹೊರಗೆ ಬಂದು ಹೊಸ ಮುಚ್ಚಳ ಹಾಕಿಕೊಟ್ಟರು. ಮುಚ್ಚಳ ಚೆನ್ನಾಗಿದೆ, ಬೀಗವೂ ಉಂಟು. ಒಳಗೆ ಹೋಗದ ಡೀಸೆಲನ್ನು ಯಾರು ಕದಿಯುತ್ತಾರೆಂದು ಬೀಗ? ಸೆಂಟರಿನ ಹೆಸರಿಗೆ ತಕ್ಕಂತೆ ಮೂರು ಕಾಲಕ್ಕೂ ಕೆಡುವ ರಿಪೇರಿ ನಿಮ್ಮದು.

ಕಾಪುವಿನ ಪಂಪಿನವರು ಈಗ ದೂರದಿಂದಲೇ ಕೈ ಅಲ್ಲಾಡಿಸಿ ಮುಂದೆ ಹೋಗಲು ಹೇಳುತ್ತಾರೆ. ಮಣಿಪಾಲದ ಪಂಪಿಗೆ ಹೋದರೆ ಕಾಲೇಜಿನ ಮಕ್ಕಳು ಸುತ್ತ ನಿಂತು ಫೋಟೋ ತೆಗೆದರು. ಮೊನ್ನೆ ಸಹಾಯಕ್ಕೆಂದು ಇಳಿದ ತೆರೆಸಾಳ ಸೀರೆಗೆಲ್ಲ ಡೀಸೆಲ್. ಅವಳು ಮನೆಗೆ ಬಂದು, ಗಾಡಿಯಲ್ಲಿ ಇಟ್ಟಿದ್ದ ಬಟ್ಟೆಬರೆಗಳನ್ನು ತೆಗೆದು ಮತ್ತೆ ಕಪಾಟಿನಲ್ಲಿ ಜೋಡಿಸಿದಳು.

ಇನ್ನು ಹನುಮಪ್ಪನ ವಿಷಯ. ಇಪ್ಪತ್ತಾರರಂದು ಮೂವರು ಡ್ರೈವರುಗಳ ಎದುರಿಗೆ ನನ್ನ ಬಳಿ ಬಂದು, "ಸಾಹೇಬ್ರ, ದೋಣಿ ಬ್ಯಾರೆ, ಗಾಡಿ ಬ್ಯಾರೆ ರೀ" ಎಂದ. ನನಗೆ! ಅರವತ್ತೊಂದು ಬೋಟು ಕಟ್ಟಿದವನಿಗೆ! ಡ್ರೈವರುಗಳು ಮುಖ ತಿರುಗಿಸಿ ನಕ್ಕರು. ಕಡಲನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ ಘಟ್ಟದ ಮೇಲಿನವರು ಬಸ್ಸು ಹತ್ತಿ ಇಲ್ಲಿ ಬಂದಿಳಿಯುತ್ತಾರೆ, ಕೈಗೆ ಸಿಕ್ಕಿದ ಕೆಲಸ ಹಿಡಿಯುತ್ತಾರೆ, ಮೂರು ವರ್ಷದಲ್ಲಿ ನಮಗೇ ಪಾಠ ಹೇಳುತ್ತಾರೆ. ಈ ಜನರನ್ನು ಎಲ್ಲಿ ಇಡಬೇಕೋ ಅಲ್ಲಿ ಇಡಲು ನಿಮಗೆ ಬರುವುದಿಲ್ಲ. ಗಾಡಿ ಕೆಡಿಸಿದವನೂ ಅವನೇ, ಬುದ್ಧಿ ಹೇಳುವವನೂ ಅವನೇ.

ಅವನನ್ನು ತೆಗೆಯಿರಿ. ಇಲ್ಲವಾದರೆ ಈ ಎಲ್ಲ ಪತ್ರಗಳ ಪ್ರತಿ ಕಂಪನಿಯ ಹೆಡ್ ಆಫೀಸಿಗೆ ಹೋಗುತ್ತದೆ. ಮೇಲೆ ನಿಮ್ಮ ಹೆಸರೂ ಇರುತ್ತದೆ.

ಲೂಯಿಸ್ ಮಥಾಯಸ್


ಕಾರ್ಕಳ
೮ ಜುಲೈ ೨೦೦೮

ಮಾನ್ಯರೇ,

ತಮ್ಮ ಬೇಡಿಕೆಯಂತೆ ಹನುಮಪ್ಪನನ್ನು ನಿನ್ನೆಯಿಂದ ಕೆಲಸದಿಂದ ಬಿಡಿಸಲಾಗಿದೆ. ಅವನು ದಿನಗೂಲಿಯವನಾದ್ದರಿಂದ ನೋಟಿಸಿನ ಅಗತ್ಯ ಬೀಳಲಿಲ್ಲ. "ಅಜಾಗರೂಕತೆಯಿಂದ ಗ್ರಾಹಕರ ವಾಹನಕ್ಕೆ ಹಾನಿ" ಎಂದು ಕಾರಣ ಬರೆದು ಒಂದು ಪ್ರತಿಯನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೇವೆ. ವಾಷಿಂಗ್ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಅವನೂ ಅವನ ಹೆಂಡತಿ ಲಕ್ಕವ್ವಳೂ ಇದ್ದರು. ಅದನ್ನೂ ಖಾಲಿ ಮಾಡಿಸಿದ್ದೇವೆ. ಆ ಜನರನ್ನು ಎಲ್ಲಿ ಇಡಬೇಕೆಂದು ತಾವು ಬರೆದಿರಲಿಲ್ಲವಾದ್ದರಿಂದ ಅವರು ಎಲ್ಲಿಗೆ ಹೋದರೆಂದು ನಾವು ಕೇಳಲಿಲ್ಲ.

ತಮಗೆ ತೃಪ್ತಿಯಾಗಿರಬೇಕು. ಜುಲೈ ಹದಿನಾರಕ್ಕೆ ಗಾಡಿ ಬಿಟ್ಟುಹೋಗಿ. ಟ್ಯಾಂಕನ್ನೇ ಕೆಳಗಿಳಿಸಿ ನೋಡುತ್ತೇವೆ.

ಶೈಲಶ್ರೀ ಬಿ.


ಕಾರ್ಕಳ
೧೭ ಜುಲೈ ೨೦೦೮

ಮಾನ್ಯ ಮಥಾಯಸ್ ಅವರಿಗೆ,

ಗಾಡಿ ಸರಿಯಾಗಿದೆ. ಬಂದು ಒಯ್ಯಬಹುದು.

ತಮಗೆ ಅರ್ಥವಾಗುವಂತೆ ಬರೆಯುತ್ತೇನೆ. ಡೀಸೆಲ್ ಟ್ಯಾಂಕಿಗೆ ಎರಡು ದಾರಿ ಇರುತ್ತವೆ. ಒಂದರಲ್ಲಿ ಡೀಸೆಲ್ ಒಳಗೆ ಹೋಗುತ್ತದೆ. ಇನ್ನೊಂದು ಕಿರುಬೆರಳಿನಷ್ಟು ಸಣ್ಣ ಪೈಪ್. ಡೀಸೆಲ್ ಒಳಗೆ ಬಂದ ಹಾಗೆ ಅಲ್ಲಿದ್ದ ಗಾಳಿ ಅದರಲ್ಲಿ ಹೊರಗೆ ಹೋಗುತ್ತದೆ. ಗಾಳಿಗೆ ದಾರಿ ಇಲ್ಲದಿದ್ದರೆ ಡೀಸೆಲಿಗೆ ಜಾಗ ಸಿಗುವುದಿಲ್ಲ, ವಾಪಸು ಬರುತ್ತದೆ. ತಮ್ಮ ಗಾಡಿಯಲ್ಲಿ ಆ ಸಣ್ಣ ಪೈಪಿನ ಬಾಯಿಗೆ ಹತ್ತಿಯ ನೂಲು ತುರುಕಿ, ಉಳಿಯಿಂದ ಬಡಿದು, ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ಎರಡು ಕೋಟು ಡಾಂಬರು ಬಳಿಯಲಾಗಿತ್ತು. ಬಹಳ ಅಚ್ಚುಕಟ್ಟಾದ ಕೆಲಸ. ಕೆಳಗಿನಿಂದ ನೋಡಿದರೆ ಅಲ್ಲೊಂದು ಪೈಪ್ ಇತ್ತೆಂದೇ ತಿಳಿಯುವುದಿಲ್ಲ.

ತೆಗೆಯಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಐವತ್ತು ಲೀಟರ್ ಮೂರು ನಿಮಿಷದಲ್ಲಿ ಹೋಯಿತು.

ನಮ್ಮ ವರ್ಕ್‌ಶಾಪಿನಲ್ಲಿ ಹತ್ತಿಯ ನೂಲು ಇಲ್ಲ. ಕಾರ್ಕಳದಲ್ಲಿ ಯಾರೂ ಗಾಡಿಗೆ ಹತ್ತಿ ಬಡಿಯುವುದಿಲ್ಲ. ಎಲ್ಲಿ ಬಡಿಯುತ್ತಾರೆಂದು ಅರವತ್ತೊಂದು ಬೋಟು ಕಟ್ಟಿದವರಿಗೆ ನಾನು ಹೇಳಬೇಕಾಗಿಲ್ಲ. ತೆಗೆದದ್ದನ್ನು ಪೊಟ್ಟಣ ಕಟ್ಟಿ ಇದರೊಂದಿಗೆ ಕಳಿಸಿದ್ದೇನೆ. ಫೈಲಿನಲ್ಲಿಡಿ.

ಶೈಲಶ್ರೀ ಬಿ.


ಕಾಪು
೧೧ ಆಗಸ್ಟ್ ೨೦೦೮

ಶೈಲಶ್ರೀ ಮೇಡಂ,

ನಿಮ್ಮ ಪತ್ರ ಬಂದು ಇಪ್ಪತ್ತು ದಿನಗಳ ಮೇಲಾಯಿತು. ಗಾಡಿಯನ್ನು ನಾನು ಬಂದು ಒಯ್ಯದೆ ಬೇರೊಬ್ಬರನ್ನು ಕಳಿಸಿದ್ದನ್ನು ನೀವು ಗಮನಿಸಿರುತ್ತೀರಿ, ಗಮನಿಸಿ ನಕ್ಕಿರುತ್ತೀರಿ.

ಹೌದು, ನಾನೇ ಮುಚ್ಚಿದ್ದು. ಮೇ ಕೊನೆಯಲ್ಲಿ, ನನ್ನ ಕೈಯಿಂದಲೇ. ಮಳೆಗಾಲಕ್ಕೆ ಮುಂಚೆ ಬೋಟನ್ನು ದಡಕ್ಕೆ ಎಳೆದು, ಕೆಳಗೆ ಮಲಗಿ, ಬೆರಳಾಡಿಸಿ, ಎಲ್ಲಿ ಸಂದು ಕಂಡರೂ ಹತ್ತಿ ಬಡಿದು ಮುಚ್ಚುವುದು ನಮ್ಮ ಪದ್ಧತಿ. ಬೋಟಿನ ಅಡಿಯಲ್ಲಿ ಒಂದು ತೂತು ಉಳಿದರೆ ಆರು ಜನ ಮನೆಗೆ ಬರುವುದಿಲ್ಲ. ಮನೆಗಾಡಿಯ ಕೆಳಗೂ ಹಾಗೆಯೇ ಮಲಗಿದೆ. ಚಕ್ರದ ಹತ್ತಿರ ಬಾಯಿ ತೆರೆದುಕೊಂಡ ಒಂದು ಪೈಪ್ ಕಂಡಿತು. ಇದನ್ನು ಮುಚ್ಚದೆ ಬಿಟ್ಟ ಕಂಪನಿಯವರು ಎಂಥ ಕತ್ತೆಗಳು ಎಂದು ಬೈದುಕೊಂಡು ಮುಚ್ಚಿದೆ. ನಿಮಗೆ ಹೇಳದೆ ಇದ್ದದ್ದು ಮೋಸದಿಂದಲ್ಲ. ಅದು ಹೇಳಬೇಕಾದ ವಿಷಯವೆಂದೇ ನನಗೆ ಹೊಳೆಯಲಿಲ್ಲ. ತಲೆ ಇದ್ದವನಿಗೆ ಹೊಳೆಯಬೇಕಿತ್ತು.

ಪೊಟ್ಟಣ ಬಿಚ್ಚಿದ್ದು ತೆರೆಸಾ. "ಎಂತ ಇದು?" ಎಂದು ಕೇಳಿದಳು. ಹೇಳಿದೆ. "ಹಾಗಾದರೆ ಆ ಮನುಷ್ಯ ಎಂತ ಮಾಡಿದ್ದ?" ಎಂದಳು. ಏನೂ ಮಾಡಿರಲಿಲ್ಲ ಎಂದೆ. ಅಂದಿನಿಂದ ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಮಾತಾಡುವುದಿಲ್ಲ. ಗಾಡಿ ಹತ್ತುವುದಿಲ್ಲ.

ನಾನು ಬರೆಯಲು ಯೋಗ್ಯವಲ್ಲ ಎಂದಿದ್ದ ಪ್ರಶ್ನೆಯನ್ನು ಈಗ ಬರೆಯುತ್ತೇನೆ. ಜೂನ್ ಎರಡರಂದು ಹನುಮಪ್ಪ ಕೈ ಒರೆಸಿಕೊಂಡು ಬಂದು ಕೇಳಿದ್ದು ಇಷ್ಟೇ: "ಸಾಹೇಬ್ರ, ಆ ಸಣ್ಣ ಪೈಪು ಯಾಕ ಮುಚ್ಚೀರಿ? ಗಾಳಿ ಎಲ್ಲಿಂದ ಹೊರಗ ಬರಬೇಕ್ರಿ?" ನಿನ್ನ ನೀರಿನ ಪೈಪ್ ನೋಡಿಕೋ ಎಂದು ಗದರಿಸಿ ಕಳಿಸಿದೆ.

ಆದರೆ ಮೇಡಂ, ನಿಮ್ಮನ್ನೂ ಬಿಡುವುದಿಲ್ಲ. ನಿಮ್ಮ ಹಿರಿಯ ಮೆಕ್ಯಾನಿಕ್ ಕೆಳಗೆ ಮಲಗಿ ಎದ್ದ. ಟಾರ್ಚ್ ಇತ್ತು, ಕಣ್ಣಿತ್ತು, ಸಂಬಳ ಇತ್ತು. ಆರು ವಾರ ಪೈಪ್, ಮುಚ್ಚಳ, ಬೀಗ ಎಂದು ಆಟವಾಡಿದಿರಿ. ಮೊದಲ ದಿನವೇ ಕಂಡವನು ಗಾಡಿ ತೊಳೆಯುವವನೊಬ್ಬನೇ. ಅವನು ನನಗೆ ಹೇಳಿದವನು ನಿಮಗೆ ಹೇಳದೆ ಇರಲಾರ. ಹೇಳಿದ್ದನೇ? ಇದಕ್ಕೆ ಉತ್ತರ ಬೇಕು.

ಲೂಯಿಸ್ ಮಥಾಯಸ್


ಕಾರ್ಕಳ
೧೬ ಆಗಸ್ಟ್ ೨೦೦೮

ಮಾನ್ಯರೇ,

ಹೇಳಿದ್ದ. ಜೂನ್ ಹದಿಮೂರರಂದು ನಾನು ವಿಚಾರಿಸಲು ಕರೆದಾಗ ಆರಂಭಿಸಿದ, ತಡೆದೆ. ತಾವು ಕೆಲಸದಿಂದ ತೆಗೆಯಿರಿ ಎಂದು ಬರೆದ ಮೇಲೆ, ಜುಲೈ ಐದರಂದು, ಮತ್ತೆ ನನ್ನ ಮೇಜಿನ ಹತ್ತಿರ ಬಂದ. ನೀರು ತುಂಬುವ ಕ್ಯಾನನ್ನು ಜೊತೆಗೇ ಹಿಡಿದುಕೊಂಡು ಬಂದಿದ್ದ, ಗಾಳಿ ಹೊರಗೆ ಹೋಗದೆ ನೀರು ಒಳಗೆ ಹೋಗುವುದಿಲ್ಲವೆಂದು ತೋರಿಸಿ ಹೇಳಲಿಕ್ಕೆ. "ಅಕ್ಕಾರ, ಒಂದ್ ಸಲ ಬಂದು ನೋಡ್ರಿ, ನಾನೂ ನೀವೂ ಒಂದ ಊರ ಕಡೆಯವ್ರು, ಸುಳ್ಳು ಹೇಳಾಂಗಿಲ್ಲ" ಎಂದ. ಸೋಫಾದಲ್ಲಿ ಇಬ್ಬರು ಗ್ರಾಹಕರು ಕುಳಿತಿದ್ದರು. ನಾನು ಅವನನ್ನು ಹೊರಗೆ ಕಳಿಸಿದೆ. ಎರಡು ದಿನ ಬಿಟ್ಟು ಕೆಲಸದಿಂದ ತೆಗೆದೆ.

ಅವನು ಹೇಳಿದ್ದು ನಿಜ. ನನ್ನ ಹೆಸರಿನ ಮುಂದಿನ ಬಿ. ಎಂದರೆ ಬೀರಪ್ಪ. ನನ್ನ ತಂದೆ. ಕುಷ್ಟಗಿಯ ಕಡೆಯಿಂದ ಬಂದು ಮಣಿಪಾಲದಲ್ಲಿ ಕಟ್ಟಡಗಳಿಗೆ ಕಲ್ಲು ಹೊತ್ತವರು. ನಾನು ಹುಟ್ಟಿದ್ದು ಅಲ್ಲಿನ ತಗಡಿನ ಶೆಡ್ಡಿನಲ್ಲಿ. ಇಲ್ಲಿಯ ಶಾಲೆಯಲ್ಲಿ ನನ್ನ ಮಾತು ಕೇಳಿ ನಕ್ಕವರಿಗಾಗಿ ಆ ಮಾತನ್ನು ಬಿಟ್ಟೆ. ಇಲ್ಲಿ ಯಾರಿಗೂ ತಿಳಿಯದು. ಹನುಮಪ್ಪನಿಗೆ ಹೇಗೋ ತಿಳಿದಿತ್ತು. ಮೂರು ವರ್ಷದಲ್ಲಿ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ. ಅವತ್ತು ಕೆಲಸ ಹೋಗುವ ಭಯದಲ್ಲಿ ಬಿಟ್ಟ.

ತಾವು ಘಟ್ಟದ ಮೇಲಿನವರ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ತಮ್ಮ ಮೇಲೆ ಬಂದಷ್ಟು ಹೇಸಿಗೆ ಇನ್ನಾರ ಮೇಲೂ ಬಂದಿರಲಿಲ್ಲ. ಆದರೆ ತಾವು ಬರೆದಿರಿ, ಮಾಡಿದ್ದು ನಾನು. ಈ ವರ್ಷ ಅವನನ್ನು ಒಳಗೆ ಫಿಟ್ಟಿಂಗ್ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆಂದು ಮಾತು ಕೊಟ್ಟಿದ್ದವಳೂ ನಾನೇ.

ವಾಷಿಂಗ್‌ಗೆ ಈಗ ಬಂದಿರುವ ಯಮನೂರ ಹೇಳಿದ ಪ್ರಕಾರ ಹನುಮಪ್ಪ ನಂದಿಕೂರಿನ ಕಡೆ ಕಟ್ಟಡದ ಕೆಲಸಕ್ಕೆ ಸೇರಿದ್ದಾನೆ. ಸಿಮೆಂಟ್ ಚೀಲ ಇಳಿಸುವ ಕೆಲಸ. ನಾನು ಹೋಗಿಲ್ಲ.

ಶೈಲಶ್ರೀ


ಕಾಪು
೨ ಸೆಪ್ಟೆಂಬರ್ ೨೦೦೮

ಶೈಲಶ್ರೀಯವರಿಗೆ,

ನೀವು ಹೋಗುವುದಿಲ್ಲವೆಂದು ಗೊತ್ತಿತ್ತು. ನಾನು ಹೋದೆ. ಧೈರ್ಯದಿಂದಲ್ಲ, ಮನೆಯಲ್ಲಿ ಮೌನ ಸಹಿಸಲಾಗದೆ.

ಮನೆಗಾಡಿಯಲ್ಲೇ ಹೋದೆ. ಶೆಡ್ಡುಗಳ ಎದುರು ನಿಲ್ಲಿಸಿದ್ದೇ ತಡ, ಹೆಂಗಸರು ಮಕ್ಕಳು ಸುತ್ತ ಕೂಡಿದರು. ಎಲ್ಲರನ್ನೂ ದಾಟಿಕೊಂಡು ಲಕ್ಕವ್ವ ಬಂದಳು. ಗಾಡಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಇದಾ ಏನು ಆ ಗಾಡಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ನಾನು ಬದುಕಿನಲ್ಲಿ ಬಹಳ ಜನರನ್ನು ಹಾಗೆ ನೋಡಿದ್ದೇನೆ. ನೋಡಿಸಿಕೊಂಡದ್ದು ಅದೇ ಮೊದಲು.

ಮಧ್ಯಾಹ್ನದ ಊಟಕ್ಕೆ ಬಿಟ್ಟಾಗ ಹನುಮಪ್ಪ ಬಂದರು. ತಲೆಯಿಂದ ಕಾಲಿನವರೆಗೆ ಸಿಮೆಂಟು. ಅಲ್ಲಿ ಪಂಪು, ಜನರೇಟರುಗಳ ಕೆಲಸ ಬೇಕಾದಷ್ಟು ಉಂಟು, ಇವರಿಗೆ ಬರುತ್ತದೆ ಕೂಡ. ಆದರೆ ನಿಮ್ಮ ಬೋರ್ಡಿನಲ್ಲಿ ಹಾಕಿದ ಕಾಗದದ ಸುದ್ದಿ ಇವರಿಗಿಂತ ಮೊದಲೇ ಅಲ್ಲಿಗೆ ತಲುಪಿದೆ. ಯಂತ್ರದ ಹತ್ತಿರ ಬಿಡುವುದಿಲ್ಲವಂತೆ.

ನನ್ನಿಂದ ತಪ್ಪಾಯಿತು ಎಂದೆ. ಬಾಯಿಂದ ಹೊರಡಲು ಎಷ್ಟು ಹೊತ್ತು ಹಿಡಿಯಿತೆಂದು ಬರೆಯುವುದಿಲ್ಲ. ಅವರು ಕೇಳಿದ ಮೊದಲ ಮಾತು, "ಈಗ ಎಣ್ಣಿ ಹಿಡೀತೈತ್ರಿ ಗಾಡಿ?" ಹಿಡಿಯುತ್ತದೆ ಎಂದೆ. "ಹಿಡೀಲೇಬೇಕಲ್ರಿ" ಎಂದರು. ನನ್ನೊಂದಿಗೆ ಬನ್ನಿ, ಕಾರ್ಕಳದಲ್ಲಿ ಮಾತಾಡಿ ಮತ್ತೆ ಸೇರಿಸುತ್ತೇನೆ ಎಂದೆ. ಇಡೀ ಕಡಲತೀರ ನನ್ನ ಮಾತಿಗೆ ಕಾಯುತ್ತಿದೆ ಎಂಬ ಹಾಗೆ.

ಅವರು ತಲೆ ಅಲ್ಲಾಡಿಸಿದರು. "ಸಾಹೇಬ್ರ, ನನ್ನ ಕೆಲಸ ಹೋದದ್ದು ಬಾಯಿಮಾತಿಂದ ಅಲ್ರಿ, ಕಾಗದದಿಂದ. ಈಗ ನೀವು ಬಾಯಿಲೆ ತಪ್ಪಾತು ಅಂದ್ರ ನಾ ಅದನ್ನ ಯಾರಿಗೆ ತೋರಸ್ಲಿ? ಬರೀರಿ. ಬೈದು ಎಷ್ಟುದ್ದ ಬರದಿದ್ರಿ, ಅಷ್ಟುದ್ದ ಬರೀರಿ. ಆ ಬೋರ್ಡಿಗೇ ಹಾಕ್ರಿ. ನಾ ಬಂದು ಓದಿಸಿ ಕೇಳತೀನಿ. ಆಮ್ಯಾಲೆ ಕೆಲಸದ ಮಾತು."

ಬೈದು ಬರೆಯುವಾಗ ನನ್ನ ಪೆನ್ನು ನಿಲ್ಲುತ್ತಿರಲಿಲ್ಲ. ಇದಕ್ಕೆ ಒಂಬತ್ತು ದಿನ ಹಿಡಿಯಿತು. ಕೆಳಗಿನದನ್ನು ಒಂದಕ್ಷರ ಬಿಡದೆ ಬೋರ್ಡಿಗೆ ಹಾಕಿ.

ತ್ರಿಕಾಲ ಮೋಟಾರ್ಸಿನ ಎಲ್ಲ ಕೆಲಸಗಾರರಿಗೆ, ಡ್ರೈವರುಗಳಿಗೆ, ಗ್ರಾಹಕರಿಗೆ:

ಕಾಪುವಿನ ಲೂಯಿಸ್ ಮಥಾಯಸ್ ಎಂಬವನಾದ ನಾನು ಬರೆಯುವುದೇನೆಂದರೆ, ನನ್ನ ಗಾಡಿಯ ಟ್ಯಾಂಕಿನ ಗಾಳಿ ಪೈಪನ್ನು ನಾನೇ ನನ್ನ ಕೈಯಿಂದ ಮುಚ್ಚಿದ್ದೆ. ದೋಣಿಯ ಕೆಲಸವೊಂದನ್ನು ಕಲಿತು ಜಗತ್ತಿನ ಎಲ್ಲ ಕೆಲಸ ಬರುತ್ತದೆಂದು ತಿಳಿದ ಮುದಿ ಮೂರ್ಖ ನಾನು. ಅದನ್ನು ಕಂಡುಹಿಡಿದವರು ಈ ಸೆಂಟರಿನಲ್ಲಿ ಒಬ್ಬರೇ, ಗಾಡಿ ತೊಳೆಯುತ್ತಿದ್ದ ಹನುಮಪ್ಪನವರು. ಮೊದಲ ದಿನವೇ ನನಗೆ ಹೇಳಿದರು. ನಾನು ಗದರಿಸಿದೆ. ಎರಡನೆಯ ಸಲ ಹೇಳಿದರು. ನಾನು ಅವರ ಕೆಲಸ ತೆಗೆಸಿದೆ. ಅವರಿಂದ ನನ್ನ ವಾಹನಕ್ಕೆ ಯಾವ ಹಾನಿಯೂ ಆಗಿಲ್ಲ. ಹಾನಿಯಾದದ್ದು ನನ್ನಿಂದ ಅವರಿಗೆ. ಅವರ ಊರಿನ ಜನರ ಬಗ್ಗೆ ನಾನು ಬರೆದದ್ದು ಹೊಲಸು ಮಾತು. ಇದನ್ನು ಓದಿ ನಗುವವರು ನನ್ನನ್ನು ನೋಡಿ ನಗಬೇಕು. ಮೂವರು ಡ್ರೈವರುಗಳ ಎದುರು ನನಗೆ ಅವಮಾನವಾಯಿತೆಂದು ಅವರನ್ನು ತೆಗೆಸಿದ್ದೆ, ಈಗ ಎಲ್ಲ ಡ್ರೈವರುಗಳೂ ಓದಲಿ.

ಲೂಯಿಸ್ ಮಥಾಯಸ್


ಕಾರ್ಕಳ
೧೦ ಸೆಪ್ಟೆಂಬರ್ ೨೦೦೮

ಮಾನ್ಯ ಲೂಯಿಸ್ ಅವರಿಗೆ,

ತಮ್ಮ ಕಾಗದವನ್ನು ನಾಲ್ಕನೇ ತಾರೀಕು ಬೋರ್ಡಿಗೆ ಹಾಕಿದೆ. ಹಿರಿಯ ಮೆಕ್ಯಾನಿಕ್ ಓದಿ ಆ ದಿನ ಊಟಕ್ಕೆ ಎಲ್ಲರಿಗಿಂತ ಮೊದಲು ಹೋದರು. ಡ್ರೈವರುಗಳು ನಕ್ಕರು. ತಮ್ಮನ್ನು ನೋಡಿ ನಗಲು ತಾವು ಇಲ್ಲಿ ಇರಲಿಲ್ಲವಾದ್ದರಿಂದ ಕಾಗದವನ್ನು ನೋಡಿಯೇ ನಕ್ಕರು.

ಇವತ್ತು ಬೆಳಿಗ್ಗೆ ಹನುಮಪ್ಪನವರು ಬಂದರು. ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಗಾಜಿನ ಬಾಗಿಲಿನ ಹೊರಗೆ ನಿಂತಿದ್ದವರನ್ನು ಒಳಗೆ ಕರೆದೆ. ಬೋರ್ಡಿನ ಎದುರು ಯಮನೂರ ಅದನ್ನು ಗಟ್ಟಿಯಾಗಿ ಓದಿದ. ಎರಡನೆಯ ಸಲ ಓದಿಸಿದರು. ಮುದಿ ಮೂರ್ಖ ಎಂದು ಬಂದಲ್ಲಿ ಕೈ ಎತ್ತಿ ನಿಲ್ಲಿಸಿ, "ಅದು ಬ್ಯಾಡಾಗಿತ್ತು, ಹಿರೇರು ಅವ್ರು" ಎಂದರು. ಉಳಿದದ್ದಕ್ಕೆಲ್ಲ ತಲೆಯಾಡಿಸಿದರು.

ನಾಳೆಯಿಂದ ಒಳಗೆ ಫಿಟ್ಟಿಂಗ್ ಕೆಲಸಕ್ಕೆ ಬನ್ನಿ, ಕೋಣೆಯೂ ಖಾಲಿ ಇದೆ ಎಂದೆ. ಗ್ರಾಹಕರು ಇದ್ದರು, ನಮ್ಮ ಊರಿನ ಮಾತಿನಲ್ಲೇ ಹೇಳಿದೆ. ಎಷ್ಟೋ ವರ್ಷದ ಮೇಲೆ ಆಡಿದ್ದರಿಂದ ಎರಡು ಕಡೆ ನಾಲಿಗೆ ತಡವರಿಸಿತು. ಅವರು ನಗಲಿಲ್ಲ. ಬೋರ್ಡಿನ ಕಡೆ ಬೆರಳು ತೋರಿಸಿ ಕೇಳಿದರು:

"ಅದು ಸಾಹೇಬ್ರದಾತು. ನನ್ನ ಮ್ಯಾಲೆ ಆ ಮೊದಲನೇ ಕಾಗದ ಬರದು ಸಹಿ ಹಾಕಿದ್ದು ನೀವಲ್ರಿ ಅಕ್ಕಾರ. ನಿಮ್ದೆಲ್ಲೈತಿ?"

ಆಮೇಲೆ ಗ್ರಾಹಕರ ಸೋಫಾದ ಮೇಲೆ, ಒಂದು ತುದಿಯಲ್ಲಿ ಕುಳಿತರು. ಚಹಾ ಬಂತು, ಮುಟ್ಟಿಲ್ಲ. ನಾನು ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದಿದ್ದೇನೆ. ಎಲ್ಲದರಲ್ಲೂ ತಪ್ಪು ತಮ್ಮದೇ ಆಗಿ ಬರುತ್ತದೆ. ಅವರು ಇನ್ನೂ ಅಲ್ಲೇ ಕುಳಿತು ನನ್ನ ಕಡೆ ನೋಡುತ್ತಿದ್ದಾರೆ. ತಮಗೆ ಬರೆಯುವುದು ಸುಲಭವೆಂದು ಇದನ್ನು ಬರೆಯಲು ಕುಳಿತೆ. ಇದನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಅವರದನ್ನು ಬರೆಯಬೇಕು.

ಶೈಲಶ್ರೀ ಬೀರಪ್ಪ